ಕೊಳಕ್ಕೆ ಎಷ್ಟು ಲೀಟರ್ ಪಂಪ್ ಬೇಕು? ಅಂಗಡಿಯವ್ರು ಒಂದ್ ಹೇಳ್ತಾರೆ, ಭಾವ ಇನ್ನೊಂದ್ ಹೇಳ್ತಾರೆ

ತೊಟ್ಟಿನೀರು, ಮೈಸೂರು
ಎಲ್ರಿಗೂ ನಮಸ್ಕಾರ. ಮನೆ ಹಿಂದೆ ಸಿಮೆಂಟ್ ಕೊಳ ಕಟ್ಟಿಸಿದೀವಿ, 8 ಅಡಿ ಉದ್ದ 5 ಅಡಿ ಅಗಲ ಎರಡೂವರೆ ಅಡಿ ಆಳ. ಗೋಲ್ಡ್‌ಫಿಶ್ ಒಂದಷ್ಟು, ಕೋಯಿ ಮರಿ ನಾಲ್ಕು ಬಿಟ್ಟಿದೀವಿ. ಮೊದಮೊದಲು ತಳದ ಕಲ್ಲು ಕಾಣ್ತಿತ್ತು, ಈಗ ನೀರು ಹಸಿರೋ ಹಸಿರು, ಮೊಣಕೈವರೆಗೆ ಕೈ ಬಿಟ್ರೆ ಬೆರಳು ಕಾಣಲ್ಲ. ಅಂಗಡಿಯವ್ರು 5000 ಎಲ್‌ಪಿಎಚ್ (ಗಂಟೆಗೆ 5000 ಲೀಟರ್) ಪಂಪ್ ತಗೊಳಿ ಸಾರ್, ಯುವಿ (ಪಾಚಿ ಕೊಲ್ಲೋ ಬಲ್ಬ್) ಇರೋ ಫಿಲ್ಟರ್ ಬಾಕ್ಸ್ ಹಾಕ್ಬಿಡಿ, ಎಲ್ಲಾ ಸೇರಿ 19 ಸಾವಿರ ಅಂತಾರೆ. ನಮ್ ಭಾವ, ಅದೆಲ್ಲ ಯಾಕೋ, ಹಳೇ ಅರ್ಧ ಎಚ್‌ಪಿ ಮೋಟ್ರು ಶೆಡ್‌ನಲ್ಲಿ ಸುಮ್ನೆ ಬಿದ್ದಿದೆ, ಅದನ್ನೇ ಕೂರಿಸು ಅಂತಾರೆ. ಫಿಲ್ಟರಿಂದ ವಾಪಸ್ ಬರೋ ನೀರು ಜಲಪಾತದ ಥರ ಬೀಳ್ಬೇಕು ಅಂತ ಮಗಳ ಆಸೆ, ಆ ಕಲ್ಲು ನೀರಿನ ಮಟ್ಟದಿಂದ 5 ಅಡಿ ಮೇಲಿದೆ. ಹಾಲ್‌ನಲ್ಲಿ ಒಂದು ಮೂರಡಿ ಟ್ಯಾಂಕೂ ಇದೆ, ಅದರ ಫಿಲ್ಟರೂ ಹೋಗಿದೆ. ಎರಡಕ್ಕೂ ಸೇರಿ 12 ಸಾವಿರದೊಳಗೆ ಮುಗಿಸ್ಬೇಕು. ಏನ್ ತಗೊಳ್ಲಿ?

ಗಪ್ಪಿ_ಗುರು, ಬೆಂಗಳೂರು
ಏನಾದ್ರೂ ತಗೊಳಿ, ಭಾವನ ಮೋಟ್ರು ಮಾತ್ರ ಬೇಡ.

ಎಚ್‌ಪಿ_ಲೆಕ್ಕ, ದಾವಣಗೆರೆ
ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚಿದ ಹಾಗಾಗುತ್ತೆ. ಅರ್ಧ ಎಚ್‌ಪಿ ಅಂದ್ರೆ 373 ವ್ಯಾಟ್, ಅದೂ ಶಾಫ್ಟಲ್ಲಿ ಸಿಗೋ ಶಕ್ತಿ, ಮೀಟರಿಂದ ಎಳ್ಯೋದು 500ರ ಹತ್ರ. ಕೊಳದ ಪಂಪು 24 ಗಂಟೆ ಓಡ್ಬೇಕು, ಓವರ್‌ಹೆಡ್ ಟ್ಯಾಂಕ್ ತುಂಬ್ತು ಅಂತ ಆಫ್ ಮಾಡೋ ಹಾಗಿಲ್ಲ. ದಿನಕ್ಕೆ 12 ಯೂನಿಟ್, ತಿಂಗಳಿಗೆ 360. ಗೃಹಜ್ಯೋತಿಲಿ ಸೊನ್ನೆ ಬಿಲ್ ಬರ್ತಿದ್ರೆ ಅದಕ್ಕೆ ಅವತ್ತೇ ಕೈ ಮುಗೀಬೇಕು, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನೀವೇ ಕಟ್ಟೋದು. ಅದೂ ಅಲ್ದೆ ಆ ಮೋಟ್ರು ಮೂರನೇ ಮಹಡಿಗೆ ನೀರೆತ್ತೋಕೆ ಮಾಡಿದ್ದು. ನಿಮಗೆ ಬೇಕಿರೋದು ಕಮ್ಮಿ ಎತ್ತರ, ಜಾಸ್ತಿ ನೀರು, ಕಮ್ಮಿ ಕರೆಂಟು.

ಈಗ ನಿಮ್ ಕೊಳದ ಲೆಕ್ಕ. 8×5×2.5, ನೂರು ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಂದ್ರೆ 2800 ಲೀಟರ್ ಅಂತಿಟ್ಕೊಳಿ. ಕೋಯಿ ಇರೋದ್ರಿಂದ ಒಂದೂವರೆ-ಎರಡು ಗಂಟೆಲಿ ಇಷ್ಟು ನೀರು ಫಿಲ್ಟರ್ ದಾಟಿ ಬರ್ಬೇಕು. ಗಂಟೆಗೆ 1400ರಿಂದ 1900 ಲೀಟರ್ ಆಯ್ತು. ಇದು ಕಲ್ಲಿನ ಮೇಲಿಂದ ನಿಜವಾಗ್ಲೂ ಬೀಳೋ ನೀರು, ಡಬ್ಬದ ಮೇಲೆ ಪ್ರಿಂಟ್ ಆಗಿರೋದಲ್ಲ.

ತೊಟ್ಟಿನೀರು
ಹಾಗಾದ್ರೆ 2000 ಎಲ್‌ಪಿಎಚ್ ಪಂಪ್ ಸಾಕಲ್ವಾ? ಅಂಗಡಿಯವ್ರು 5000 ಯಾಕೆ ಹೇಳಿದ್ರು, ಟೋಪಿ ಹಾಕೋಕಾ?

ಎಚ್‌ಪಿ_ಲೆಕ್ಕ
ಟೋಪಿ ಅಲ್ಲ, ಅವ್ರು ಹೇಳಿದ್ದು ತೀರಾ ತಪ್ಪೂ ಅಲ್ಲ. ಡಬ್ಬದ ಮೇಲೆ ಎರಡು ನಂಬರ್ ಇರುತ್ತೆ ನೋಡಿ, ಒಂದು ಎಲ್‌ಪಿಎಚ್, ಇನ್ನೊಂದು ಎಚ್ ಮ್ಯಾಕ್ಸ್. ಮೊದಲನೇದು ಎತ್ತರನೂ ಇಲ್ದೆ ಪೈಪೂ ಇಲ್ದೆ ಪಂಪಿನ ಬಾಯಿಂದ ನೇರ ಬರೋ ನೀರು. ಎರಡನೇದನ್ನ ಬಹಳ ಜನ ತಪ್ಪು ತಿಳ್ಕೋತಾರೆ, ಎಚ್ ಮ್ಯಾಕ್ಸ್ 2 ಮೀಟರ್ ಅಂದ್ರೆ 2 ಮೀಟರ್‌ವರೆಗೆ ನೀರು ಕೊಡುತ್ತೆ ಅಂತ. ಇಲ್ಲ ಸ್ವಾಮಿ, 2 ಮೀಟರಲ್ಲಿ ಒಂದು ಹನಿನೂ ಬೀಳಲ್ಲ, ಪೈಪೊಳಗೆ ನೀರು ಅಲ್ಲಿವರೆಗೆ ಏರಿ ನಿಂತ್ಕೊಳುತ್ತೆ ಅಷ್ಟೇ. ಈ ಸೈಜಿನ ಪಂಪ್‌ಗಳಿಗೆ ಎಚ್ ಮ್ಯಾಕ್ಸ್ ಸಾಮಾನ್ಯವಾಗಿ 2 ಮೀಟರ್ ಆಸುಪಾಸು, ನಿಮ್ ಕಲ್ಲು ಒಂದೂವರೆ ಮೀಟರ್ ಮೇಲಿದೆ. ಮುಕ್ಕಾಲು ಪಾಲು ಎತ್ತೋದ್ರಲ್ಲೇ ಹೋಯ್ತು, ಗಂಟೆಗೆ 500-600 ಲೀಟರ್ ಬಿದ್ರೆ ನಿಮ್ ಪುಣ್ಯ.

ನೀಲಿ_ಡ್ರಮ್, ತುಮಕೂರು
5 ಅಡಿ ಅಲ್ಲ ಸಾರ್, ಏಳೂವರೆ ಅಡಿ ಹಿಡೀಬೇಕು. ಪಂಪ್ ತಳದಲ್ಲಿ ತಾನೆ ಕೂರೋದು, ಲೆಕ್ಕ ಅಲ್ಲಿಂದ ಶುರು ಮಾಡಿ.

ಎಚ್‌ಪಿ_ಲೆಕ್ಕ
ಇಲ್ಲ. ಪಂಪ್ ಮೇಲಿರೋ ಎರಡೂವರೆ ಅಡಿ ನೀರೇ ಪಂಪಿಗೆ ಒತ್ತಡ ಕೊಡುತ್ತೆ, ಪೈಪೊಳಗಿನ ಎರಡೂವರೆ ಅಡಿಗೂ ಅದಕ್ಕೂ ವಜಾ. ನೀರಿನ ಮೇಲ್ಮಟ್ಟದಿಂದ ಪೈಪ್ ಬಾಯಿವರೆಗೆ ಎಷ್ಟಿದೆ, ಅಷ್ಟೇ ಹೆಡ್ಡು.

ನೀಲಿ_ಡ್ರಮ್
ಬೋರ್‌ವೆಲ್ ಮೋಟ್ರಿಗೆ ಮೋಟ್ರು ಎಷ್ಟಡಿಗೆ ಇಳಿಸಿದಾರೆ ಅಂತಲೇ ತಾನೆ ಕೇಳೋದು?

ಎಚ್‌ಪಿ_ಲೆಕ್ಕ
ಯಾಕಂದ್ರೆ ಅಲ್ಲಿ ಓಡ್ತಾ ಓಡ್ತಾ ನೀರು ಮೋಟ್ರ ಹತ್ರಕ್ಕೆ ಇಳಿದುಬಿಡುತ್ತೆ, ಬೇಸಿಗೆಲಿ ಇನ್ನೂ ಕೆಳಗೆ. ಅದಕ್ಕೆ ಜಾಸ್ತಿ ಇಟ್ಕೊಂಡು ಲೆಕ್ಕ ಹಾಕ್ತಾರೆ. ಕೊಳದ ಮಟ್ಟ ಅಲ್ಲೇ ಇರುತ್ತೆ. ನಂಬಿಕೆ ಇಲ್ಲಾಂದ್ರೆ ಪೈಪ್ ಬಾಯನ್ನ ಒಂದೇ ಎತ್ತರದಲ್ಲಿ ಹಿಡ್ಕೊಂಡು, ಪಂಪನ್ನ ಒಂದ್ಸಲ ಅರ್ಧ ಅಡಿ ಆಳದಲ್ಲಿ, ಒಂದ್ಸಲ ತಳದಲ್ಲಿ ಇಟ್ಟು ನೋಡಿ. ಬೀಳೋ ನೀರು ಅಷ್ಟೇ ಇರುತ್ತೆ.

ನೀಲಿ_ಡ್ರಮ್
ಭಾನುವಾರ ನೋಡ್ತೀನಿ.

ಉಡುಪಿ_ಮಾರಾಯ
ಲೆಕ್ಕ ಎಲ್ಲ ಸರಿ ಮಾರಾಯ್ರೆ, ಪೈಪಿನ ಸುದ್ದಿಯೇ ಯಾರೂ ಎತ್ತಲಿಲ್ಲ ಅಲ್ಲ. ಪಂಪಿಗೆ ಒಂದಿಂಚಿನ ಬಾಯಿ ಉಂಟು, ಡಬ್ಬದೊಳಗೆ ಮೂರ್ನಾಲ್ಕು ಸೈಜಿನ ನಾಝಲ್ ಸಹ ಕೊಟ್ಟಿರ್ತಾರೆ, ನಮ್ಮವ್ರು ಅದ್ರಲ್ಲಿ ಅತೀ ಸಣ್ಣದ್ದು ಹಾಕಿ ಗಿಡಕ್ಕೆ ನೀರು ಬಿಡುವ ಅರ್ಧ ಇಂಚಿನ ಪೈಪ್ ಸಿಕ್ಕಿಸ್ತಾರೆ. ಯಾಕೆ ಅಂದ್ರೆ ಅದು ಮನೆಯಲ್ಲಿ ಉಂಟು. ಪೈಪಿನ ವ್ಯಾಸ ಅರ್ಧ ಮಾಡಿದ್ರೆ ಅಷ್ಟೇ ನೀರು ತಳ್ಳಲಿಕ್ಕೆ ಘರ್ಷಣೆ ಸುಮಾರು 32 ಪಟ್ಟು. ಮತ್ತೆ ಪಂಪಿಗೆ ದಮ್ಮಿಲ್ಲ ಅಂತ ಅಂಗಡಿಯವ್ನಿಗೆ ಬೈಯುವುದು. ಒಂದಿಂಚಿಗೆ ಕಮ್ಮಿ ಹಾಕ್ಲೇಬೇಡಿ, ಒಂದೂಕಾಲು ಹಾಕಿದ್ರೆ ಇನ್ನೂ ಒಳ್ಳೇದು. ಎಲ್ಬೋ ಆದಷ್ಟು ಕಮ್ಮಿ, ಎರಡು 45 ಡಿಗ್ರಿ ಬೆಂಡ್ ಹಾಕಿ ತಿರುಗಿಸಿದ್ರೆ ಆಯ್ತು.

ಮತ್ತೆ ಎಷ್ಟು ನೀರು ಬರ್ತದೆ ಅಂತ ತಿಳೀಲಿಕ್ಕೆ ಮೀಟರ್ ಬೇಡ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಇದೆಯಲ್ಲ, ಅದರ ಕುತ್ತಿಗೆ ಕತ್ತರಿಸಿ ಪೈಪ್ ಬೀಳುವಲ್ಲಿ ಹಿಡೀರಿ, ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿ. 40 ಸೆಕೆಂಡಿಗೆ ತುಂಬಿದ್ರೆ ಗಂಟೆಗೆ 1800 ಲೀಟರ್. ಎರಡು ನಿಮಿಷ ಹಿಡಿದ್ರೆ 600. ಇದನ್ನು ಗೋಡೆಯಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ನೋಡಿ, ಫಿಲ್ಟರ್ ಯಾವಾಗ ಕಟ್ಟಿಕೊಂಡಿದೆ ಅಂತ ಅದೇ ಹೇಳ್ತದೆ.

ಗಪ್ಪಿ_ಗುರು
ಈ ಕ್ಯಾನ್ ಐಡಿಯಾ ಸೂಪರ್. ಕತ್ತರಿಸಿದ್ರೆ ಡೆಪಾಸಿಟ್ ವಾಪಸ್ ಬರಲ್ಲ ಗುರು, ಬಕೆಟ್ ತಗೊಳಿ.

ಎಚ್‌ಪಿ_ಲೆಕ್ಕ
ಉಡುಪಿಯವ್ರು ಹೇಳಿದ್ದಕ್ಕೆ ನಂದೂ ಒಂದು ಓಟು. ಹಾಗಾಗಿ ತೊಟ್ಟಿನೀರು ಅವ್ರೇ, ನಿಮಗೆ ಎರಡು ದಾರಿ. 5 ಅಡಿ ಜಲಪಾತ ಬೇಕೇ ಬೇಕು ಅಂದ್ರೆ 4000-4500 ಎಲ್‌ಪಿಎಚ್, ಎಚ್ ಮ್ಯಾಕ್ಸ್ 3 ಮೀಟರಿಗೆ ಕಮ್ಮಿ ಇರಬಾರ್ದು. ಇಲ್ಲ ಮಗಳನ್ನ ಒಪ್ಪಿಸಿ ಜಲಪಾತ ಎರಡಡಿಗೆ ಇಳಿಸಿ, 3000ದ ಪಂಪಲ್ಲೇ ಆಗಿಹೋಗುತ್ತೆ. ಹಳೇ ಮಾಡೆಲ್ 3000 ಎಲ್‌ಪಿಎಚ್ ಪಂಪು 60 ವ್ಯಾಟ್ ತಿನ್ನುತ್ತೆ, ತಿಂಗಳಿಗೆ 43 ಯೂನಿಟ್. ಈಗ ಬರ್ತಿರೋ ಇಕೋ ಅಥವಾ ಡಿಸಿ ಪಂಪು ಅಷ್ಟೇ ನೀರಿಗೆ 25 ವ್ಯಾಟ್, 18 ಯೂನಿಟ್. ತಗೊಳೋವಾಗ ರೇಟ್ ನೋಡ್ತಾರೆ, ವ್ಯಾಟ್ ಯಾರೂ ನೋಡಲ್ಲ.

ಬಡಜೀವ, ಮಂಡ್ಯ
ಕೂಲರ್ ಪಂಪ್ ಹಾಕಿ ಬ್ರೋ, 18 ವ್ಯಾಟು, ಮುನ್ನೂರು ರೂಪಾಯಿ. ನಮ್ ಟ್ಯಾಂಕಲ್ಲಿ ಅದೇ ಓಡ್ತಿರೋದು.

ಕಲಬುರಗಿ_ಬಿಸ್ಲು
ಕೂಲರ್ ಪಂಪ್ ಬಗ್ಗೆ ನಮ್ಮನ್ನ ಕೇಳ್ರಿ, ನಮ್ಮಲ್ಲಿ ಮನಿಗೊಂದು ಅದ. ಅದು ಬ್ಯಾಸಗ್ಯಾಗ ದಿನಾ ಒಂದಿಷ್ಟು ತಾಸು ಓಡ್ಲಿ ಅಂತ ಮಾಡಿದ್ದು, ವರ್ಷಪೂರ್ತಿ ನೀರಾಗ ಮುಳುಗಿ ಓಡ್ಲಿಕ್ಕಲ್ಲ. ಬಾಡಿ ಬಿಸಿ ಆಗ್ತದ, ವೈರ್ ಹೋಗೋ ಜಾಗದಾಗ ಸೀಲ್ ಬಿಟ್ರ ನೀರಿಗೇ ಕರೆಂಟ್ ಬರ್ತದ. ಟ್ಯಾಂಕಿನಾಗ ಕೈ ಹಾಕಿದಾಗ ಚಿಟಿಚಿಟಿ ಅಂತದ ಏನು ನೋಡ್ರಿ, ಅಂದ್ರ ಪಂಪ್ ತಗದು ಒಗೀರಿ ಅಂತ ಅರ್ಥ.

ಎಚ್‌ಪಿ_ಲೆಕ್ಕ
ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು. ಕೊಳಕ್ಕಾಗ್ಲಿ ಟ್ಯಾಂಕಿಗಾಗ್ಲಿ ಆ ಪ್ಲಗ್ಗಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ ಕೂಡ್ಲೆ ಲೈನ್ ಕಟ್ ಮಾಡೋ ಸ್ವಿಚ್ಚು, ಇರ್ಲೇಬೇಕು. ಎಂಸಿಬಿ ಇದೆ ಅಂತ ಸುಮ್ನಿರ್ಬೇಡಿ, ಎಂಸಿಬಿ ವೈರ್ ಕಾಪಾಡುತ್ತೆ, ಮನುಷ್ಯನ್ನ ಕಾಪಾಡೋದು ಆರ್‌ಸಿಸಿಬಿ. ಮಕ್ಕಳು ಕೊಳದಲ್ಲಿ ಕೈ ಆಡಿಸ್ತಾರೆ. ಟ್ಯಾಂಕಿನ ವೈರನ್ನ ಸಾಕೆಟ್‌ಗಿಂತ ಕೆಳಗೆ ಒಂದು ಡೊಂಕು ಬರೋ ಹಾಗೆ ಇಳಿಸಿ ಆಮೇಲೆ ಮೇಲಕ್ಕೆ ತಗೊಂಡು ಪ್ಲಗ್ ಹಾಕಿ, ವೈರ್ ಹಿಡ್ಕೊಂಡು ಹರಿಯೋ ನೀರು ಆ ಡೊಂಕಲ್ಲೇ ತೊಟ್ಟಿಕ್ಕಿ ಬೀಳುತ್ತೆ, ಸಾಕೆಟ್ ಒಳಗೆ ಹೋಗಲ್ಲ.

ಬಡಜೀವ
ಟೆಸ್ಟರ್ ಇಟ್ಟು ನೋಡ್ದೆ, ನೀರಲ್ಲಿ ಸಣ್ಣಗೆ ಉರೀತು. ಪಂಪ್ ತೆಗ್ದೆ.

ಅಮ್ಮನ_ಅಕ್ವೇರಿಯಂ, ಬೆಂಗಳೂರು
ಅಯ್ಯೋ ದೇವ್ರೇ, ತೆಗ್ದಿದ್ದು ಒಳ್ಳೇದಾಯ್ತು.

ನೀಲಿ_ಡ್ರಮ್
ಫಿಲ್ಟರ್ ವಿಷಯಕ್ಕೆ ಬರೋಣ. ಹತ್ತು ಸಾವಿರದ ಬಾಕ್ಸ್ ಬೇಕಾಗಿಲ್ಲ. 200 ಲೀಟರಿನ ನೀಲಿ ಡ್ರಮ್ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಕೆಮಿಕಲ್ ತುಂಬಿದ್ದು ಬೇಡ, ಉಪ್ಪಿನಕಾಯಿಯದ್ದೋ ಜ್ಯೂಸಿನ ಪಲ್ಪ್‌ದೋ ಕೇಳಿ ತಗೊಳಿ. ನೀರು ತಳದಿಂದ ಒಳಗೆ ಬಂದು ಮೇಲಿಂದ ಹೊರಗೆ ಹೋಗ್ಬೇಕು. ಕೆಳಗೆ ಒಂದಡಿ ಖಾಲಿ ಬಿಡಿ, ಕಸ ಅಲ್ಲಿ ಕೂರ್ಲಿ, ಅಲ್ಲೊಂದು ಒಂದೂವರೆ ಇಂಚಿನ ವಾಲ್ವ್, ವಾರಕ್ಕೊಮ್ಮೆ ತಿರುಗಿಸಿದ್ರೆ ಕಂದು ನೀರು ಬುಸ್ ಅಂತ ಬರುತ್ತೆ, ಅದನ್ನ ಗಿಡಕ್ಕೆ ಬಿಡಿ. ಅದರ ಮೇಲೊಂದು ಜಾಲರಿ, ಜಾಲರಿ ಮೇಲೆ ಪಾತ್ರೆ ಉಜ್ಜೋ ಪ್ಲಾಸ್ಟಿಕ್ ಸ್ಕ್ರಬ್ಬರು ಡಜನ್ ಲೆಕ್ಕದಲ್ಲಿ ತುಂಬಿ. ಸ್ಟೀಲ್‌ದಲ್ಲ, ಪ್ಲಾಸ್ಟಿಕ್‌ದು. ಮೇಲೆ ಒರಟು ಸ್ಪಂಜು. ಪೈಪು, ವಾಲ್ವು, ಟ್ಯಾಂಕ್ ನಿಪ್ಪಲ್ ಎಲ್ಲ ಸೇರಿ ಮೂರು-ಮೂರೂವರೆ ಸಾವಿರದಲ್ಲಿ ಮುಗಿಯುತ್ತೆ.

ಒಂದೇ ಎಚ್ಚರಿಕೆ, ಡ್ರಮ್ಮಿಂದ ಹೊರಗೆ ಹೋಗೋ ಪೈಪು ಒಳಗೆ ಬರೋ ಪೈಪಿಗಿಂತ ದಪ್ಪ ಇರ್ಲಿ, ಎರಡಿಂಚು ಹಾಕಿ. ಒಳಗೆ ಪಂಪ್ ತಳ್ಳುತ್ತೆ, ಹೊರಗೆ ಬರೀ ಇಳಿಜಾರಲ್ಲಿ ಹೋಗ್ಬೇಕು. ಸಣ್ಣ ಪೈಪ್ ಹಾಕಿದ್ರೆ ರಾತ್ರಿ ಎಲೆ ಅಡ್ಡ ಬಂದು ಡ್ರಮ್ ತುಂಬಿ ಹೊರಗೆ ಚೆಲ್ಲುತ್ತೆ, ಬೆಳಿಗ್ಗೆ ನೋಡಿದ್ರೆ ಅರ್ಧ ಕೊಳದ ನೀರು ಪಕ್ಕದ ಸೈಟಲ್ಲಿ.

ಗಪ್ಪಿ_ಗುರು
ಅದಕ್ಕೇ ಪಂಪನ್ನ ತಳಕ್ಕೆ ಇಡ್ಬೇಡಿ, ಎರಡು ಇಟ್ಟಿಗೆ ಮೇಲೆ ಕೂರ್ಸಿ. ಡ್ರಮ್ ಚೆಲ್ಲಿದ್ರೂ ಮೀನಿಗೆ ಅಷ್ಟು ನೀರಾದ್ರೂ ಉಳಿಯುತ್ತೆ.

ಉಡುಪಿ_ಮಾರಾಯ
ಇಟ್ಟಿಗೆ ಮೇಲೆ ಇಟ್ರೆ ಪಂಪ್ ಖಾಲಿ ಓಡಿ ಸುಡ್ತದೆ ಅಲ್ವಾ?

ಗಪ್ಪಿ_ಗುರು
ಪಂಪ್ ಹೋದ್ರೆ ಎರಡು ಸಾವಿರ, ಕೋಯಿ ಹೋದ್ರೆ ಮಗಳ ಅಳು.

ತೊಟ್ಟಿನೀರು
ಡ್ರಮ್ ಐಡಿಯಾ ಇಷ್ಟ ಆಯ್ತು. ಇದು ಹಾಕಿದ್ರೆ ಹಸಿರು ಹೋಗುತ್ತಾ?

ನೀಲಿ_ಡ್ರಮ್
ಹೋಗುತ್ತೆ, ಸ್ವಲ್ಪ ದಿನ ಬಿಡಿ.

ಮಲ್ನಾಡ್_ಮಳೆ, ತೀರ್ಥಹಳ್ಳಿ
ಅಷ್ಟು ಸಲೀಸಾಗಿ ಹೋಗಲ್ಲ ಮಾರ್ರೆ. ನೀರನ್ನ ಹಸಿರು ಮಾಡೋ ಪಾಚಿ ಕಣ್ಣಿಗೆ ಕಾಣದಷ್ಟು ಸಣ್ಣದು, ಸ್ಕ್ರಬ್ಬರ್ ಸ್ಪಂಜ್ ಎಲ್ಲದರ ಸಂದಿಲೂ ತೂರ್ಕೊಂಡು ವಾಪಸ್ ಬರುತ್ತೆ. ಅದಕ್ಕೆ ಬೇಕಿರೋದು ಎರಡೇ, ಬಿಸಿಲು ಮತ್ತೆ ಮೀನಿನ ಗೊಬ್ಬರ. ನಿಮ್ ಕೊಳದ ಮೇಲೆ ಎಷ್ಟು ಹೊತ್ತು ಬಿಸಿಲು ಬೀಳುತ್ತೆ?

ತೊಟ್ಟಿನೀರು
ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಪೂರ್ತಿ.

ಮಲ್ನಾಡ್_ಮಳೆ
ಅಲ್ಲೇ ಆಗಿದ್ದು. ಮೊದ್ಲು 50 ಪರ್ಸೆಂಟಿನ ಶೇಡ್ ನೆಟ್ ಕಟ್ಟಿ, ನರ್ಸರಿಯವ್ರು ಹಾಕ್ತಾರಲ್ಲ ಅದು. ಆಮೇಲೆ ಡ್ರಮ್ಮಿಂದ ಬರೋ ನೀರನ್ನ ನೇರ ಕೊಳಕ್ಕೆ ಬಿಡೋ ಬದಲು ಒಂದು ಉದ್ದನೆ ತೊಟ್ಟಿ ಮಾಡಿ, ಅರ್ಧ ಇಂಚಿನ ಜಲ್ಲಿ ತುಂಬಿ, ಅದರಲ್ಲಿ ಕ್ಯಾನಾ, ಕೆಸು, ಬಜೆ ನೆಡಿ. ಬಜೆ ನಮ್ಮ ಕಡೆ ತೋಟದ ಕಾಲುವೆ ಬದಿಲಿ ತಾನಾಗೇ ಬೆಳೆಯುತ್ತೆ, ನಿಮ್ಮಲ್ಲಿ ನರ್ಸರಿಲಿ ಸಿಗ್ಬಹುದು. ಈ ಗಿಡಗಳು ಪಾಚಿಯ ಊಟ ತಿಂದು ಹಾಕ್ತವೆ. ನೈಟ್ರೇಟ್, ಅಂದ್ರೆ ಆ ಗೊಬ್ಬರದ ಅಂಶ, ಕಮ್ಮಿ ಮಾಡೋಕೆ ಇದಕ್ಕಿಂತ ಸಸ್ತಾ ಸಾಮಾನು ಯಾವ್ದೂ ಇಲ್ಲ.

ನೀಲಿ_ಡ್ರಮ್
ಜಲ್ಲಿ ತೊಟ್ಟಿ ಎರಡು ವರ್ಷಕ್ಕೆ ಕೆಸರಾಗಿ ಕಟ್ಕೊಳುತ್ತೆ, ಕ್ಯಾನಾ ಬೇರು ಪೈಪೊಳಗೆ ನುಗ್ಗುತ್ತೆ, ಆಗ ಅಗೆಯೋರು ಯಾರು.

ಮಲ್ನಾಡ್_ಮಳೆ
ನಿಮ್ ಡ್ರಮ್ ಮುಂದಿರುತ್ತಲ್ಲ, ಕಸ ಅಲ್ಲೇ ನಿಲ್ಲುತ್ತೆ. ಡ್ರಮ್ ಕೆಲಸ ಮಾಡಿದ್ರೆ ಜಲ್ಲಿ ಕಟ್ಕೊಳಲ್ಲ, ಜಲ್ಲಿ ಕಟ್ಕೊಂಡ್ರೆ ಡ್ರಮ್ ಸರಿಯಿಲ್ಲ ಅಂತ.

ನೀಲಿ_ಡ್ರಮ್
ಮಾತಲ್ಲಿ ಸೋಲಿಸ್ತೀರ ಬಿಡಿ.

ಗಪ್ಪಿ_ಗುರು
ಯಾಕಿಷ್ಟು ಒದ್ದಾಟ, ಯುವಿ ಹಾಕಿ, ಒಂದೆರಡು ವಾರದಲ್ಲಿ ಹಸಿರು ಖಲಾಸ್. 2800 ಲೀಟರಿಗೆ 11ರಿಂದ 18 ವ್ಯಾಟ್ ಯುವಿ ಸಾಕು.

ಎಚ್‌ಪಿ_ಲೆಕ್ಕ
ಯುವಿ ಕೆಲಸ ಮಾಡುತ್ತೆ, ಆದ್ರೆ ಷರತ್ತು ಇದೆ. ಅದು ಹಸಿರು ನೀರಿಗೆ ಮಾತ್ರ, ಕಲ್ಲಿಗೆ ಅಂಟಿರೋ ಕೂದಲು ಪಾಚಿಗೆ ಏನೂ ಮಾಡಲ್ಲ, ಮಣ್ಣಿನ ಕಲಕಲಿಗೂ ಮಾಡಲ್ಲ. ಬಲ್ಬ್ ನೀಲಿಯಾಗಿ ಉರೀತಾನೇ ಇರುತ್ತೆ, ಆದ್ರೆ ಸುಮಾರು 9000 ಗಂಟೆ ಆದ್ಮೇಲೆ ಪಾಚಿ ಕೊಲ್ಲೋ ಶಕ್ತಿ ಇರಲ್ಲ. ವರ್ಷಕ್ಕೆ 8760 ಗಂಟೆ, ಅಂದ್ರೆ ವರ್ಷಕ್ಕೊಂದು ಬಲ್ಬು. ಬೋರ್ ನೀರಾದ್ರೆ ಒಳಗಿನ ಗಾಜಿನ ಕೊಳವೆಗೆ ಬಿಳಿ ಉಪ್ಪು ಕಟ್ಟುತ್ತೆ, ವಿನೆಗರಲ್ಲಿ ನೆನೆಸಿ ಒರೆಸ್ಬೇಕು. ಉರೀತಿರೋ ಬಲ್ಬನ್ನ ಬರಿಗಣ್ಣಲ್ಲಿ ನೋಡಬಾರ್ದು.

ಕ್ಯಾನಿಸ್ಟರ್_ಕಾಕಾ, ಹುಬ್ಬಳ್ಳಿ
ಎಲ್ಲಾರೂ ನೀರು ತಿಳಿ ಆಗೂದರ ಬಗ್ಗೇನ ಮಾತಾಡಾಕತ್ತೀರಿ. ಫಿಲ್ಟರ್ ಅಂದ್ರ ಕಸ ಹಿಡಿಯೂ ಜರಡಿ ಅಷ್ಟ ಅಲ್ರೀ. ಮೀನ ಬಿಡೂ ಅಮೋನಿಯಾ ತಿಳಿ ನೀರಾಗೂ ಇರ್ತೈತಿ, ಕಣ್ಣಿಗಿ ಕಾಣಂಗಿಲ್ಲ. ಅದನ್ನ ಒಂದ ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡ್ತೈತಿ, ಅದೂ ವಿಷಾನ, ಅದನ್ನ ಮತ್ತೊಂದ ಜಾತಿ ನೈಟ್ರೇಟ್ ಮಾಡ್ತೈತಿ. ಈ ಬ್ಯಾಕ್ಟೀರಿಯಾ ಕುಂದರಾಕ ಮನಿ ಬೇಕು, ಸ್ಕ್ರಬ್ಬರ್, ಸಿರಾಮಿಕ್ ರಿಂಗ್, ಲಾವಾ ಕಲ್ಲು ಎಲ್ಲಾ ಆ ಮನಿ. ಹೊಸಾ ಫಿಲ್ಟರ್‌ನ್ಯಾಗ ಅವು ತುಂಬಾಕ ನಾಕರಿಂದ ಆರು ವಾರ ಬೇಕು. ಅಲ್ಲೀತನ ಮೀನಿಗಿ ಆಹಾರ ಕಡಿಮಿ ಹಾಕ್ರಿ. ಹೊಸಾ ಸಿಮೆಂಟ್ ಅಂದ್ರಲ್ಲ, ಸುಣ್ಣ ಬಿಟ್ಟು ಪಿಎಚ್ ಏರಿರ್ತೈತಿ, ಪಿಎಚ್ ಏರಿದಷ್ಟೂ ಅದ ಅಮೋನಿಯಾ ಜಾಸ್ತಿ ವಿಷ. ಕೊಳಾ ತೊಳದ್ರಿ ಏನು ಹಂಗ ಮೀನ ಬಿಟ್ರಿ?

ತೊಟ್ಟಿನೀರು
ತೊಳೆದ್ವಿ. ಬಾಳೆದಿಂಡು ಕತ್ತರಿಸಿ ಹಾಕಿ ವಾರ ಬಿಟ್ಟು ನೀರು ಚೆಲ್ಲಿ, ಮತ್ತೆ ಹಾಗೇ ಮಾಡಿದ್ವಿ. ಮೇಸ್ತ್ರಿ ಹೇಳ್ಕೊಟ್ಟಿದ್ದು. ಪಿಎಚ್ ಈಗ 8ರ ಹತ್ರ ಇದೆ.

ಕ್ಯಾನಿಸ್ಟರ್_ಕಾಕಾ
ಮೇಸ್ತ್ರಿ ಶಾಣ್ಯಾ ಅದಾನ. 8 ನಡೀತೈತಿ, ಗೋಲ್ಡ್‌ಫಿಶ್ ಕೋಯಿ ಎರಡೂ ತಡಕೋತಾವು. ಹಾಲ್‌ನ್ಯಾಗಿನ ಟ್ಯಾಂಕಿಗಿ ಕ್ಯಾನಿಸ್ಟರ್, ಅಂದ್ರ ಟ್ಯಾಂಕಿನ ಹೊರಗ ಇಡೂ ಮುಚ್ಚಿದ ಡಬ್ಬಿ ಫಿಲ್ಟರ್, ತಗೋರಿ, ಕಣ್ಣ ಮುಚ್ಚಿ.

ಸ್ಪಂಜ್_ಪಕ್ಷ, ಶಿವಮೊಗ್ಗ
ಬಂದ್ರು ನೋಡಿ. ಟ್ಯಾಂಕಲ್ಲಿ ಏನಿದೆ ಅಂತಾನೂ ಕೇಳ್ದೆ ಕ್ಯಾನಿಸ್ಟರ್. ಮೊದ್ಲು ಮೀನು ಯಾವ್ದು, ಟ್ಯಾಂಕ್ ಅಳತೆ ಎಷ್ಟು ಹೇಳಿ.

ತೊಟ್ಟಿನೀರು
36 ಇಂಚು ಉದ್ದ, 15 ಅಗಲ, 18 ಎತ್ತರ. ಏಂಜೆಲ್ ಒಂದು ಜೋಡಿ, ಟೆಟ್ರಾ ಒಂದು ಗುಂಪು, ಗಿಡ ಸ್ವಲ್ಪ.

ಸ್ಪಂಜ್_ಪಕ್ಷ
ಲೆಕ್ಕಕ್ಕೆ 159 ಲೀಟರ್, ಮರಳು ಕಲ್ಲು ಕಳೆದು ಮೇಲೆ ಬಿಟ್ಟ ಜಾಗ ಕಳೆದ್ರೆ 135 ಇರ್ಬಹುದು. ಇಷ್ಟು ಕಮ್ಮಿ ಮೀನಿಗೆ ಗಾಳಿ ಗುಳ್ಳೆಯಿಂದ ನೀರೆಳೆಯೋ ಎರಡು ದೊಡ್ಡ ಸ್ಪಂಜ್ ಫಿಲ್ಟರ್, ಎರಡು ಬಾಯಿಯ ಒಂದು ಏರ್ ಪಂಪು, ಸಾವಿರ ರೂಪಾಯಿ ಒಳಗೆ ಕತೆ ಮುಗೀತು. 5 ವ್ಯಾಟ್ ಕರೆಂಟು. ಏಂಜೆಲ್‌ಗೆ ಜೋರು ಹರಿವು ಆಗಲ್ಲ, ಆ ಉದ್ದ ರೆಕ್ಕೆ ಇಟ್ಕೊಂಡು ಪಾಪ ದಿನವಿಡೀ ಎದುರು ಈಜ್ಬೇಕು. ಒಂದು ಸ್ಪಂಜ್ ಈ ವಾರ ಹಿಂಡಿ, ಇನ್ನೊಂದು ಇನ್ನೆರಡು ವಾರ ಬಿಟ್ಟು, ಬ್ಯಾಕ್ಟೀರಿಯಾ ಯಾವಾಗ್ಲೂ ಒಂದರಲ್ಲಿ ಭದ್ರವಾಗಿರುತ್ತೆ.

ಕ್ಯಾನಿಸ್ಟರ್_ಕಾಕಾ
ಗುಳುಗುಳು ಸಪ್ಪಳಾ ಹಾಲ್‌ನ್ಯಾಗ ಯಾರ ಕೇಳ್ತಾರ್ರೀ ಟಿವಿ ನೋಡೂ ಮುಂದ. ಎರಡು ಕರೀ ಸ್ಪಂಜ್ ಟ್ಯಾಂಕಿನ ಮೂಲ್ಯಾಗ ನಿಂತ್ರ ಚೆಂದನೂ ಕಾಣಂಗಿಲ್ಲ. ಕ್ಯಾನಿಸ್ಟರ್ ಕೆಳಗ ಕಪಾಟಿನ್ಯಾಗ ಕುಂದರ್ತೈತಿ, ಸಪ್ಪಳಿಲ್ಲ, ಮೀಡಿಯಾ (ಬ್ಯಾಕ್ಟೀರಿಯಾ ಕುಂದರೂ ರಿಂಗ್, ಸ್ಪಂಜ್) ಮೂರು-ನಾಕು ಲೀಟರ್ ಹಿಡೀತೈತಿ, ಎರಡು ತಿಂಗಳಿಗೊಮ್ಮೆ ತಗದ್ರ ಸಾಕು. ಹರಿವು ಜೋರಾದ್ರ ಸ್ಪ್ರೇ ಬಾರ್ (ನೀರು ವಾಪಸ್ ಬಿಡೂ ತೂತಿನ ಪೈಪ್) ಗ್ವಾಡಿ ಕಡೆ ತಿರಿಗಿಸ್ರಿ, ಏಂಜೆಲ್ ಆರಾಮ ಇರ್ತಾವು.

ಸ್ಪಂಜ್_ಪಕ್ಷ
ಕರೆಂಟ್ ಹೋದಾಗ ಆ ಮುಚ್ಚಿದ ಡಬ್ಬದೊಳಗೆ ಏನಾಗುತ್ತೆ ಅದನ್ನೂ ಹೇಳಿ ಕಾಕಾ.

ಕಲಬುರಗಿ_ಬಿಸ್ಲು
ಅದನ್ನ ನಾ ಹೇಳ್ತೀನಿ, ಇದು ನಮ್ಮ ಸಬ್ಜೆಕ್ಟು. ಕ್ಯಾನಿಸ್ಟರ್ ಒಳಗಿನ ಬ್ಯಾಕ್ಟೀರಿಯಾಕ್ಕ ಆಕ್ಸಿಜನ್ ಬೇಕು, ನೀರು ನಿಂತ್ರ ಒಳಗಿದ್ದಷ್ಟು ಸ್ವಲ್ಪ ಹೊತ್ತಿಗೆ ತೀರ್ತದ, ಭಾಳ ತಾಸು ಹಂಗೇ ನಿಂತ್ರ ಸಾಯ್ತಾವ, ಒಳಗ ಕೊಳಿತದ. ಕರೆಂಟ್ ಬಂದ ಮ್ಯಾಲ ಆ ಹೊಲಸು ನೀರು ಟ್ಯಾಂಕಿಗೇ ಬರ್ತದ. ಮೂರ್ನಾಕು ತಾಸಿಗಿಂತ ಜಾಸ್ತಿ ಹೋಗಿತ್ತಂದ್ರ ಪೈಪ್ ಬಿಚ್ಚಿ ಆ ನೀರು ಚೆಲ್ಲಿ ಆಮ್ಯಾಲ ಚಾಲೂ ಮಾಡ್ರಿ. ಬ್ಯಾಸಗ್ಯಾಗ ಇನ್ನೂ ಹುಷಾರಿರ್ಬೇಕು. 25 ಡಿಗ್ರಿ ನೀರಿನಾಗ ಲೀಟರಿಗೆ 8.2 ಮಿಲಿಗ್ರಾಂ ಆಕ್ಸಿಜನ್ ಹಿಡೀತದ, 35 ಡಿಗ್ರಿಗೆ 6.9 ಅಷ್ಟೇ. ನಮ್ಮಲ್ಲಿ ಮೇ ತಿಂಗಳಾಗ ಹೊರಗ 42, ಟ್ಯಾಂಕ್ ನೀರು ಸುಮ್ಮ ಇಟ್ರೂ 34. ಮೀನಿಗೆ ಉಸಿರು ಜಾಸ್ತಿ ಬೇಕು, ನೀರಿನಾಗ ಕಡಿಮಿ ಅದ. ನಾ ಫಿಲ್ಟರ್ ಯಾವ್ದೇ ಇರ್ಲಿ, ಬಾಜೂಕ ಒಂದು ಚಾರ್ಜಿಂಗ್ ಏರ್ ಪಂಪ್ ಇಟ್ಟೀನಿ, ಕರೆಂಟ್ ಹೋದ ಕೂಡ್ಲೆ ತಾನೇ ಶುರು ಆಗ್ತದ.

ಅಮ್ಮನ_ಅಕ್ವೇರಿಯಂ
ಮಗ ಹಾಸ್ಟೆಲ್‌ಗೆ ಹೋದ, ಟ್ಯಾಂಕ್ ನನ್ನ ತಲೆಗೆ ಬಂತು. ಒಂದು ಡೌಟು. ಯುಪಿಎಸ್ ಮೇಲೆ ಫಿಲ್ಟರ್ ಹಾಕಿದ್ರೆ ಕರೆಂಟ್ ಹೋದಾಗ ಗುಂಯ್ ಅಂತ ಸದ್ದು ಮಾಡುತ್ತೆ, ಕರೆಂಟ್ ಬಂದ್ರೆ ಸುಮ್ನಾಗುತ್ತೆ. ಹಾಳಾಗಿದ್ಯಾ?

ಎಚ್‌ಪಿ_ಲೆಕ್ಕ
ಫಿಲ್ಟರ್ ಹಾಳಾಗಿಲ್ಲ ಮೇಡಂ, ನಿಮ್ ಯುಪಿಎಸ್ ಸ್ಕ್ವೇರ್ ವೇವ್ ಇರ್ಬೇಕು. ಅಂಥದ್ದರ ಮೇಲೆ ಈ ಮೋಟ್ರುಗಳು ಗುಂಯ್ ಅಂದು ಬಿಸಿಯಾಗ್ತವೆ. ಪ್ಯೂರ್ ಸೈನ್ ವೇವ್ ಇದ್ರೆ ಏನೂ ಆಗಲ್ಲ. ಇನ್ವರ್ಟರ್ ಬದಲಾಯಿಸೋಕಿಂತ ಮೇಲೆ ಹೇಳಿದ ಚಾರ್ಜಿಂಗ್ ಏರ್ ಪಂಪ್ ಸುಲಭ.

ಸ್ಪಂಜ್_ಪಕ್ಷ
ಏರ್ ಪಂಪ್ ಯಾವ್ದೇ ಇರ್ಲಿ, ನೀರಿನ ಮಟ್ಟಕ್ಕಿಂತ ಕೆಳಗಿಟ್ರೆ ಟ್ಯೂಬ್ ಮಧ್ಯೆ ನಾನ್ ರಿಟರ್ನ್ ವಾಲ್ವ್ ಹಾಕಿ. ಹತ್ತಿಪ್ಪತ್ತು ರೂಪಾಯಿ. ಅದಿಲ್ದಿದ್ರೆ ಕರೆಂಟ್ ಹೋದಾಗ ನೀರು ಟ್ಯೂಬಲ್ಲಿ ವಾಪಸ್ ಬಂದು ಪಂಪೊಳಗೆ, ಅಲ್ಲಿಂದ ಸೋಫಾ ಕೆಳಗೆ.

ಅಮ್ಮನ_ಅಕ್ವೇರಿಯಂ
ಥ್ಯಾಂಕ್ಸ್. ಇನ್ನೊಂದು, ನಾನು ಪ್ರತಿ ಭಾನುವಾರ ಫಿಲ್ಟರ್ ಬಿಚ್ಚಿ ಒಳಗಿನ ಸ್ಪಂಜು, ಬಿಳಿ ರಿಂಗು ಎಲ್ಲ ನಲ್ಲಿ ಕೆಳಗೆ ಚೆನ್ನಾಗಿ ಉಜ್ಜಿ ತೊಳೀತೀನಿ, ಆದ್ರೂ ಸೋಮವಾರ ನೀರು ಹಾಲು ಬಣ್ಣಕ್ಕೆ ತಿರುಗುತ್ತೆ, ಯಾಕೆ?

ಕ್ಯಾನಿಸ್ಟರ್_ಕಾಕಾ
ಅಕ್ಕಾರ ಬ್ಯಾಡ್ರೀ!

ಗಪ್ಪಿ_ಗುರು
ಆಂಟಿ, ಮೇಲೆ ಕಾಕಾ ಹೇಳಿದ್ರಲ್ಲ ಬ್ಯಾಕ್ಟೀರಿಯಾ ಮನೆ, ಅದನ್ನೇ ನೀವು ವಾರವಾರ ಖಾಲಿ ಮಾಡಿಸ್ತಿದೀರ. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅದಿರೋದೇ ಬ್ಯಾಕ್ಟೀರಿಯಾ ಸಾಯ್ಸೋಕೆ. ಟ್ಯಾಂಕಿಂದ ತೆಗೆದ ನೀರು ಬಕೆಟಲ್ಲಿ ಇಟ್ಕೊಂಡು ಅದರಲ್ಲೇ ಸ್ಪಂಜ್ ಎರಡು ಮೂರು ಸಲ ಹಿಂಡಿ ಸಾಕು. ರಿಂಗ್ ಮುಟ್ಟಲೇಬೇಡಿ.

ಅಮ್ಮನ_ಅಕ್ವೇರಿಯಂ
ನಮ್ದು ಬೋರ್ ನೀರು, ಕ್ಲೋರಿನ್ ಇಲ್ಲ.

ಎಚ್‌ಪಿ_ಲೆಕ್ಕ
ಹಾಗಾದ್ರೆ ಕ್ಲೋರಿನ್ ತಪ್ಪಿಲ್ಲ, ಉಜ್ಜೋದು ತಪ್ಪು. ಪಾತ್ರೆ ತೊಳೆದ ಹಾಗೆ ತೊಳೀಬೇಡಿ, ಅಂಟಂಟು ಇರ್ಲಿ, ಅದೇ ಬೇಕಾಗಿರೋದು. ನೀರು ಬರೋದು ಕಮ್ಮಿ ಆದಾಗ ಮಾತ್ರ ಬಿಚ್ಚಿ. ಕಾವೇರಿ ನೀರಿನವ್ರಿಗೆ ಹೈಪೋ ಹರಳು ಸಿಗುತ್ತೆ, ಅದು ಹಾಕಿದ್ರೆ ಕ್ಲೋರಿನ್ ಹೋಗುತ್ತೆ.

ಗಪ್ಪಿ_ಗುರು
ಟ್ಯಾಂಕ್ ತೆಗೆದ ನೀರು ಚೆಲ್ಲಬೇಡಿ, ಗಿಡಕ್ಕೆ ಹಾಕಿ. 2024 ಮಾರ್ಚಲ್ಲಿ ಬೆಂಗಳೂರಲ್ಲಿ ಕುಡಿಯೋ ನೀರನ್ನ ಗಿಡಕ್ಕೆ, ಕಾರ್ ತೊಳಿಯೋಕೆ, ಕಾರಂಜಿಗೆ ಬಳಸಿದ್ರೆ 5000 ದಂಡ ಅಂದಿದ್ರಲ್ಲ, ಆಗ ನಮ್ ಬಾಲ್ಕನಿ ತುಳಸಿ ಬದುಕಿದ್ದೇ ಮೀನಿನ ನೀರಲ್ಲಿ.

ವಾಸ್ತು_ಪ್ರಿಯ
ಕೊಳ ಈಶಾನ್ಯದಲ್ಲಿದ್ಯಾ ಮೊದ್ಲು ಅದು ಹೇಳಿ. ಜಲಪಾತ ಯಾವ ದಿಕ್ಕಿಗೆ ಬೀಳುತ್ತೆ ಅನ್ನೋದೂ ಮುಖ್ಯ.

ಉಡುಪಿ_ಮಾರಾಯ
ಜಲಪಾತ ಕೆಳಗೆ ಬೀಳ್ತದೆ.

ದೇವರಮೀನು
ಇಷ್ಟೆಲ್ಲ ಯಾಕೆ, ಶೃಂಗೇರಿಲಿ ತುಂಗೆಯಲ್ಲಿ ಮೊಳದುದ್ದದ ಮೀನುಗಳು ಸಾವಿರಾರು ಇವೆ, ಯಾವ ಫಿಲ್ಟರ್ ಇದೆ ಅಲ್ಲಿ? ಜನ ಮಂಡಕ್ಕಿ ಹಾಕ್ತಾನೇ ಇರ್ತಾರೆ.

ಮಲ್ನಾಡ್_ಮಳೆ
ಅಲ್ಲಿ ಹೊಳೆ ಹರೀತಾ ಇದೆ ಮಾರ್ರೆ. ನಿಮ್ ಮನೆ ಟ್ಯಾಂಕಿಗೂ ಒಂದು ಕಡೆಯಿಂದ ತುಂಗೆ ಬಂದು ಇನ್ನೊಂದು ಕಡೆ ಹೋಗೋ ಹಾಗಿದ್ರೆ ಫಿಲ್ಟರ್ ಬೇಡ, ನಾನೇ ಬರೆದುಕೊಡ್ತೀನಿ.

ಬಡಜೀವ
ಸಕರ್ ಫಿಶ್ ಎರಡು ಬಿಟ್ರೆ ಪಾಚಿ ತಿನ್ನಲ್ವಾ? ಐವತ್ತು ರೂಪಾಯಿಗೆ ಸಿಗುತ್ತೆ.

ಸ್ಪಂಜ್_ಪಕ್ಷ
ಗಾಜಿನ ಮೇಲಿನ ಪಾಚಿ ತಿನ್ನುತ್ತೆ, ನೀರಲ್ಲಿ ತೇಲೋ ಹಸಿರನ್ನ ಅಲ್ಲ. ಬೆಳೀತಾ ಬೆಳೀತಾ ಒಂದಡಿ ಮೀರುತ್ತೆ, ತಿಂದದ್ದಕ್ಕಿಂತ ಗಲೀಜು ಮಾಡೋದೇ ಜಾಸ್ತಿ. ಆಮೇಲೆ ಸಾಕಾಗಿ ಜನ ಕೆರೆಗೆ ಬಿಡ್ತಾರೆ, ಅದು ಮಾತ್ರ ಮಾಡ್ಬೇಡಿ. ಎಷ್ಟೋ ಕೆರೆಗಳಲ್ಲಿ ಈಗ ಬಲೆ ಹಾಕಿದ್ರೆ ಅದೇ ಬರುತ್ತೆ, ತಿನ್ನೋಕಾಗಲ್ಲ ಮಾರೋಕಾಗಲ್ಲ, ಮುಳ್ಳಿಗೆ ಸಿಕ್ಕಿ ಬಲೆ ಹರಿಯುತ್ತೆ.

ತೊಟ್ಟಿನೀರು
ಎಲ್ರಿಗೂ ಥ್ಯಾಂಕ್ಸ್. ಮಗಳ ಜೊತೆ ಮಾತುಕತೆ ಆಯ್ತು, ಜಲಪಾತ ಎರಡೂವರೆ ಅಡಿಗೆ ಒಪ್ಪಿದಾಳೆ. 3500 ಎಲ್‌ಪಿಎಚ್ 30 ವ್ಯಾಟಿಂದು ಪಂಪ್ ನೋಡಿದೀನಿ, ಎಚ್ ಮ್ಯಾಕ್ಸ್ 3 ಮೀಟರ್. ನೀಲಿ ಡ್ರಮ್, ಶೇಡ್ ನೆಟ್, ಆರ್‌ಸಿಸಿಬಿ. ಯುವಿ ಸದ್ಯಕ್ಕೆ ಬೇಡ, ಬಜೆ ಕ್ಯಾನಾ ನೆಟ್ಟು ನೋಡ್ತೀನಿ. ಟ್ಯಾಂಕಿಗೆ ಸ್ಪಂಜೋ ಕ್ಯಾನಿಸ್ಟರೋ ಮನೇಲಿ ಓಟಿಂಗ್ ನಡೀತಿದೆ. ಭಾವನಿಗೆ ಇನ್ನೂ ಹೇಳಿಲ್ಲ.

ಎಚ್‌ಪಿ_ಲೆಕ್ಕ
ಒಂದೂಕಾಲು ಇಂಚಿನ ಪೈಪ್ ಮರೀಬೇಡಿ.

ನೀಲಿ_ಡ್ರಮ್
ಪಂಪ್ ಮೇಲೆ ಕೆಳಗೆ ಇಟ್ಟು ನೋಡ್ದೆ. ಬಕೆಟ್ ತುಂಬೋಕೆ ಎರಡು ಸಲವೂ ಒಂದೇ ಟೈಮು. ಪ್ಲಂಬರ್‌ಗೆ ವಿಡಿಯೋ ಕಳ್ಸಿದೀನಿ, ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಕ್ಯಾನಿಸ್ಟರ್_ಕಾಕಾ
ಇದ ವಿಷಯದಾಗ ನಂದೊಂದು ಪ್ರಶ್ನೆ. ನನ್ನ ಕ್ಯಾನಿಸ್ಟರ್ ಮುಚ್ಚಳದ ಓ ರಿಂಗ್ ಒಣಗಿ ಹನಿ ಹನಿ ಸೋರಾಕತ್ತೈತಿ. ವ್ಯಾಸಲೀನ್ ಹಚ್ಚಲ್ಯಾ?

ಗಪ್ಪಿ_ಗುರು
ಕೊಬ್ಬರಿ ಎಣ್ಣೆ?

ಎಚ್‌ಪಿ_ಲೆಕ್ಕ
ಎರಡೂ ಬೇಡ. ವ್ಯಾಸಲೀನ್ ಕೆಲವು ಜಾತಿ ರಬ್ಬರನ್ನ ಉಬ್ಬಿಸಿ ಮೆತ್ತಗೆ ಮಾಡುತ್ತೆ, ಆಮೇಲೆ ಮುಚ್ಚಳ ಕೂರೋದೇ ಇಲ್ಲ. ಸಿಲಿಕಾನ್ ಗ್ರೀಸ್ ಸಣ್ಣ ಟ್ಯೂಬ್ ತಗೊಂಡು ಬೆರಳಲ್ಲಿ ತೆಳ್ಳಗೆ ಸವರಿ. ಓ ರಿಂಗ್‌ನಲ್ಲಿ ಬಿರುಕು ಕಂಡ್ರೆ ಗ್ರೀಸಿಂದ ಆಗಲ್ಲ, ರಿಂಗನ್ನೇ ಬದಲಾಯಿಸ್ಬೇಕು.

ಕ್ಯಾನಿಸ್ಟರ್_ಕಾಕಾ
ಹುಬ್ಬಳ್ಳ್ಯಾಗ ಎಲ್ಲಿ ಸಿಗ್ತೈತಿ?

ಸ್ಪಂಜ್_ಪಕ್ಷ
ಆರ್‌ಒ ಫಿಲ್ಟರ್ ರಿಪೇರಿ ಮಾಡೋರ ಹತ್ರ ಕೇಳಿ, ಅವ್ರು ಹೌಸಿಂಗ್ ರಿಂಗ್‌ಗೆ ಅದನ್ನೇ ಹಚ್ಚೋದು. ಸ್ಪಂಜ್ ಫಿಲ್ಟರಿಗೆ ಓ ರಿಂಗ್ ಇರಲ್ಲ ಅಂತ ನಾನೇನೂ ಹೇಳ್ತಿಲ್ಲ ಕಾಕಾ.